ಕುದುರೆಯೋ, ಸವಾರನೋ?

2004ನೆಯ ಇಸವಿ ಏಪ್ರಿಲ್ 18, ಭಾನುವಾರ. ದಕ್ಷಿಣ ಆಫ್ರಿಕದಲ್ಲಿ ಚಿನ್ನದ ಗಣಿಗಳ ನಡುವೆ ಬೆಳೆದ ವೆಲ್ಕಮ್ ಎಂಬ ಊರಿನ ಪಂದ್ಯದ ಮೈದಾನ. ಇಪ್ಪತ್ತೆಂಟು ಸುತ್ತುಗಳ ಮೋಟಾರು ಸೈಕಲ್ ಪಂದ್ಯ ಆಗತಾನೆ ಮುಗಿದಿದೆ. ಗೆದ್ದವನು ವಾಡಿಕೆಯಂತೆ ಕೈ ಬೀಸುತ್ತ ವಿಜಯದ ಸುತ್ತು ಹಾಕಬೇಕು. ಪ್ರೇಕ್ಷಕರು ಅದಕ್ಕಾಗಿಯೇ ಎದ್ದು ನಿಂತಿದ್ದಾರೆ. ಆದರೆ ಆತ ದಾರಿಯ ಅಂಚಿಗೆ ಬಂದು ಗಾಡಿಯನ್ನು ನಿಲ್ಲಿಸಿದ. ಇಳಿದು ಅದಕ್ಕೆ ಮುತ್ತಿಟ್ಟ. ಬಳಿಕ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಶಿರಸ್ತ್ರಾಣದೊಳಗಿನ ತಲೆಯನ್ನು ಬಗ್ಗಿಸಿಕೊಂಡ. ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದನೋ, ಅಳುತ್ತಿದ್ದನೋ, ದೂರದಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಆತನ ಹೆಸರು ವ್ಯಾಲೆಂಟಿನೋ ರೊಸ್ಸಿ. ಇಟಲಿಯ ತವೂಲಿಯ ಎಂಬ ಪುಟ್ಟ ಊರಿನಲ್ಲಿ ಬೆಳೆದವನು. ತಂದೆ ಗ್ರಾತ್ಸಿಯಾನೋ ರೊಸ್ಸಿಯೂ ಪಂದ್ಯಗಳ ಸವಾರನೇ. ಅಂದು ಇಪ್ಪತ್ತೈದು ವರ್ಷದ ಈ ತರುಣ ಗೆದ್ದದ್ದು ಒಂದು ಪಂದ್ಯವನ್ನು ಮಾತ್ರವಲ್ಲ, ಒಂದು ವಾದವನ್ನು. ಆ ವಾದ ಬಹಳ ಹಳೆಯದು. ರಣದಲ್ಲಿ ಗೆಲುವು ತರುವುದು ಕುದುರೆಯೇ, ಸವಾರನೇ? ಕುದುರೆಗಳ ಕಾಲ ಕಳೆದು ಯಂತ್ರಗಳ ಕಾಲ ಬಂದ ಮೇಲೂ ಈ ಪ್ರಶ್ನೆಗೆ ವಯಸ್ಸಾಗಿಲ್ಲ.

ಮೋಟೋ ಜಿಪಿ ಎಂದು ಹೆಸರಾದ ಜಾಗತಿಕ ಪಂದ್ಯಾವಳಿಯ ಪರಿಚಯವಿಲ್ಲದ ವಾಚಕರಿಗೆ ಒಂದೆರಡು ಮಾತು ಹೇಳುವುದು ಅವಶ್ಯಕ. ಇಲ್ಲಿ ಓಡುವ ಗಾಡಿಗಳು ಅಂಗಡಿಯಲ್ಲಿ ಹಣ ಕೊಟ್ಟು ತರುವಂಥವಲ್ಲ. ಹೋಂಡಾ, ಯಾಮಹಾ, ಡುಕಾಟಿ ಮೊದಲಾದ ಕಾರ್ಖಾನೆಗಳು ಈ ಪಂದ್ಯಕ್ಕೆಂದೇ ಕೈಯಿಂದ ಕಡೆದಂತೆ ತಯಾರಿಸುವ ಯಂತ್ರಗಳು ಅವು. ಸವಾರ ಕಾರ್ಖಾನೆಯೊಡನೆ ಒಂದೆರಡು ವರ್ಷಗಳ ಕರಾರು ಬರೆದುಕೊಡುತ್ತಾನೆ. ಅವಧಿ ತೀರಿದ ಮೇಲೆ ಅಲ್ಲಿಯೇ ಉಳಿಯಬಹುದು, ಬೇರೆ ಮನೆ ಹುಡುಕಬಹುದು. ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬಂದು, ತಿರುವಿನಲ್ಲಿ ಮೊಣಕೈ ನೆಲಕ್ಕೆ ತಾಗುವಷ್ಟು ವಾಲಿ ಹೋಗುವ ಈ ಗಾಡಿಗೂ ಅದರ ಮೇಲೆ ಕುಳಿತವನಿಗೂ ಇರುವ ಸಂಬಂಧ ಬಹಳ ಸೂಕ್ಷ್ಮವಾದದ್ದು. ಒಗ್ಗಿದ ಗಾಡಿಯನ್ನು ಬಿಟ್ಟು ಒಗ್ಗದ ಗಾಡಿಯನ್ನು ಏರುವುದೆಂದರೆ ಸಂಬಳ ಸಾರಿಗೆಯ ವಿಷಯವಷ್ಟೇ ಅಲ್ಲ. ಮೂಳೆಯ ವಿಷಯ, ಕೆಲವೊಮ್ಮೆ ಪ್ರಾಣದ ವಿಷಯ.

ರೊಸ್ಸಿ 2001, 2002, 2003ರಲ್ಲಿ ಸಾಲಾಗಿ ಮೂರು ವರ್ಷ ಹೋಂಡಾ ಏರಿ ಜಗತ್ತಿನ ಅಗ್ರಪಟ್ಟ ಪಡೆದಿದ್ದ. ಇದಕ್ಕಿಂತ ಸುಖದ ಸ್ಥಾನ ಇನ್ನಾವುದಿರಲು ಸಾಧ್ಯ? ಆದರೆ ಸುಖದಲ್ಲೇ ಒಂದು ಮುಳ್ಳಿತ್ತು. ಹೋಂಡಾ ಯಂತ್ರ ಆ ಕಾಲಕ್ಕೆ ಎಷ್ಟು ಶ್ರೇಷ್ಠವಾಗಿತ್ತೆಂದರೆ, ಅದನ್ನು ಯಾರಿಗೆ ಕೊಟ್ಟರೂ ಗೆಲ್ಲುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಕಾರ್ಖಾನೆಯವರ ಮನಸ್ಸಿನಲ್ಲಿಯೂ ಇದೇ ಭಾವನೆ ಇದೆ, ತನ್ನ ಪರಿಶ್ರಮ ಅವರ ಲೆಕ್ಕಕ್ಕೆ ಬಂದಿಲ್ಲ ಎಂದು ರೊಸ್ಸಿಗೆ ದಿನದಿನಕ್ಕೆ ಅನ್ನಿಸತೊಡಗಿತು. ಮನೆಯ ಕೆಲಸವನ್ನೆಲ್ಲ ಮಾಡಿ ಮುಗಿಸಿದ ಸೊಸೆಗೆ ‘ಒಲೆ ಚೆನ್ನಾಗಿತ್ತು, ಅಡಿಗೆ ಚೆನ್ನಾಯಿತು’ ಎಂದರೆ ಆಗುವ ಸಂಕಟದಂಥದು ಇದು.

2003ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಫಿಲಿಪ್ ದ್ವೀಪದಲ್ಲಿ ನಡೆದ ಒಂದು ಪ್ರಸಂಗ ಈ ಸಂಕಟಕ್ಕೆ ಕನ್ನಡಿ ಹಿಡಿಯುತ್ತದೆ. ಅಪಾಯಸೂಚಕ ಹಳದಿ ಬಾವುಟ ಹಾರುತ್ತಿದ್ದಾಗ ಮುಂದಿನವನನ್ನು ದಾಟಿದ್ದಕ್ಕಾಗಿ ಅಧಿಕಾರಿಗಳು ಅವನಿಗೆ ಹತ್ತು ಸೆಕೆಂಡುಗಳ ದಂಡ ವಿಧಿಸಿದರು. ಸೆಕೆಂಡಿನ ದಶಾಂಶಗಳಲ್ಲಿ ಸೋಲುಗೆಲುವು ತೀರ್ಮಾನವಾಗುವ ಆಟದಲ್ಲಿ ಹತ್ತು ಸೆಕೆಂಡೆಂದರೆ ಒಂದು ಯುಗ. ರೊಸ್ಸಿಗೆ ಸುದ್ದಿ ಮುಟ್ಟಿತು. ಅಲ್ಲಿಯವರೆಗೆ ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಹೋಗುತ್ತಿದ್ದವನು ಆ ಮೇಲೆ ನಿಜವಾದ ವೇಗವನ್ನು ಹೊರಗೆ ತೆಗೆದ. ಎರಡನೆಯವನಿಗಿಂತ ಹದಿನೈದು ಸೆಕೆಂಡು ಮುಂದಾಗಿ ಗುರಿ ಮುಟ್ಟಿ, ದಂಡವನ್ನು ಕಳೆದರೂ ಐದು ಸೆಕೆಂಡು ಉಳಿಸಿಕೊಂಡು ಗೆದ್ದ. ಹಿಂದೆ ಉಳಿದವರಲ್ಲಿ ಅಂಥದೇ ಹೋಂಡಾ ಏರಿದವರು ಇರಲಿಲ್ಲವೆಂದಲ್ಲ.

ಎರಡು ವಾರಗಳ ಬಳಿಕ ಸ್ಪೇನಿನ ವಲೆನ್ಸಿಯದಲ್ಲಿ ವರ್ಷದ ಕೊನೆಯ ಪಂದ್ಯವನ್ನೂ ಗೆದ್ದು, ಹೋಂಡಾ ಬಿಡುವುದಾಗಿ ಸಾರಿದ. ಹೋಗುತ್ತಿದ್ದುದೆಲ್ಲಿಗೆ? ಯಾಮಹಾಕ್ಕೆ! 1992ರಲ್ಲಿ ಅಮೆರಿಕದ ವೇನ್ ರೇನಿ ಪಟ್ಟ ಗೆದ್ದದ್ದೇ ಕೊನೆ, ಅಲ್ಲಿಂದೀಚೆಗೆ ಆ ಕಾರ್ಖಾನೆಗೆ ಅಗ್ರಪಟ್ಟವಿರಲಿಲ್ಲ. 2003ರ ಇಡೀ ವರ್ಷದಲ್ಲಿ ಯಾಮಹಾ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೊದಲ ಮೂವರ ವೇದಿಕೆಗೆ ಅದರ ಸವಾರರು ಹತ್ತಿದ್ದೂ ಒಂದೇ ಸಲ, ಅದೂ ಮಳೆಯ ಪಂದ್ಯದಲ್ಲಿ. ಅರಮನೆಯ ಆನೆಯಿಂದ ಇಳಿದು ಅಗಸನ ಕತ್ತೆ ಏರಿದನೆಂದು ನಕ್ಕವರು ಹಲವರು. ಹೋಂಡಾ ತನ್ನ ಕರಾರನ್ನು ಅಕ್ಷರಶಃ ಪಾಲಿಸಿತು. ಡಿಸೆಂಬರ್ ಮುಗಿಯುವವರೆಗೆ ಹೊಸ ಗಾಡಿಯನ್ನು ಮುಟ್ಟಕೂಡದು! ಹೀಗಾಗಿ ರೊಸ್ಸಿ ಯಾಮಹಾವನ್ನು ಮೊದಲ ಬಾರಿಗೆ ಓಡಿಸಿದ್ದು 2004ರ ಜನವರಿಯಲ್ಲಿ, ಮಲೇಶಿಯದ ಸೆಪಾಂಗಿನಲ್ಲಿ. ಏಪ್ರಿಲ್ ತಿಂಗಳಿಗೆ ಉಳಿದಿದ್ದುದು ಮೂರು ತಿಂಗಳು.

ಇಲ್ಲಿ ಇಬ್ಬರನ್ನು ನೆನೆಯದೆ ಹೋದರೆ ಕಥೆ ಅರ್ಧವಾಗುತ್ತದೆ. ಒಬ್ಬ ಜೆರೆಮಿ ಬರ್ಗೆಸ್, ಆಸ್ಟ್ರೇಲಿಯದವನು, ರೊಸ್ಸಿಯ ಗಾಡಿಯ ಮುಖ್ಯ ತಂತ್ರಜ್ಞ. 1994ರಿಂದ 1998ರವರೆಗೆ ಮಿಕ್ ಡೂಹನ್ ಐದು ವರ್ಷ ಪಟ್ಟ ಗೆದ್ದಾಗಲೂ ಗಾಡಿಯನ್ನು ಹದಗೊಳಿಸಿದ ಕೈ ಇವನದೇ. ಸಂಗೀತಗಾರನಿಗೆ ಪಕ್ಕವಾದ್ಯದವನು ಹೇಗೋ ಸವಾರನಿಗೆ ಇವನು ಹಾಗೆ. ಸವಾರ ಬಂದು ‘ಮೂರನೆಯ ತಿರುವಿನಲ್ಲಿ ಮುಂದಿನ ಚಕ್ರ ಹೆದರುತ್ತದೆ’ ಎಂದು ಏನೋ ಒಂದು ಮಾತು ಆಡುತ್ತಾನೆ. ಆ ಹೆದರಿಕೆಗೆ ಯಾವ ಸ್ಪ್ರಿಂಗು ಎಷ್ಟು ಕೂದಲೆಳೆ ಬಿಗಿಯಾಗಬೇಕೆಂದು ಇವನು ಅರ್ಥ ಮಾಡಿಕೊಳ್ಳಬೇಕು. ಹೋಂಡಾದ ಭದ್ರವಾದ ಉದ್ಯೋಗವನ್ನು ಬಿಟ್ಟು ಬರ್ಗೆಸ್ ರೊಸ್ಸಿಯ ಹಿಂದೆ ಹೊರಟ; ಅವನ ಹಿಂದೆ ಮೆಕ್ಯಾನಿಕ್ಕುಗಳ ಬಳಗವೂ ಬಹುಪಾಲು ಹೊರಟಿತು. ಯಾವ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿಯೂ ಇಂಥ ಆಸ್ತಿಗೆ ಅಂಕಣವಿರುವುದಿಲ್ಲ.

ಇನ್ನೊಬ್ಬ ಯಾಮಹಾದ ಹಿರಿಯ ಎಂಜಿನಿಯರ್ ಮಸಾವೊ ಫುರುಸಾವ. ಆತ ರೊಸ್ಸಿಯ ಮುಂದೆ ನಾಲ್ಕು ಬಗೆಯ ಎಂಜಿನುಗಳನ್ನಿರಿಸಿ ಆರಿಸಿಕೊಳ್ಳಲು ಹೇಳಿದ. ರೊಸ್ಸಿ ಆರಿಸಿದ್ದು ನಾಲ್ಕು ಸಿಲಿಂಡರುಗಳೂ ಸಮ ಅಂತರದಲ್ಲಿ ಸಿಡಿಯುವ ಎಂಜಿನನ್ನಲ್ಲ. ಅಸಮ ಅಂತರದಲ್ಲಿ, ಸ್ವಲ್ಪ ತಡೆದು ತಡೆದು ಸಿಡಿಯುವಂಥದನ್ನು. ಕೇಳಲು ವಿಚಿತ್ರವೆನಿಸಿದರೂ ಇದರಲ್ಲೊಂದು ಮರ್ಮವಿದೆ. ಸಮ ಅಂತರದಲ್ಲಿ ಎಡೆಬಿಡದೆ ಬಲ ಬೀಳುತ್ತಿದ್ದರೆ ಹಿಂದಿನ ಟೈರಿಗೆ ನೆಲವನ್ನು ಹಿಡಿಯಲು ಬಿಡುವೇ ಇರುವುದಿಲ್ಲ. ನಡುವೆ ಒಂದು ಕ್ಷಣ ಉಸಿರಾಡಲು ಬಿಟ್ಟರೆ ಅದು ಮತ್ತೆ ಕಚ್ಚಿಕೊಳ್ಳುತ್ತದೆ, ಸವಾರನ ಕೈಗೂ ಅದರ ಸುಳಿವು ಸಿಗುತ್ತದೆ. ಕಾಗದದ ಮೇಲಿನ ಬಲದ ಲೆಕ್ಕವೇ ಬೇರೆ, ಅಂಗೈಗೆ ತಿಳಿಯುವ ಬಲದ ಲೆಕ್ಕವೇ ಬೇರೆ.

ವೆಲ್ಕಮ್‌ನಲ್ಲಿ ಅವನಿಗೆ ಎದುರಾದವನು ಅವನದೇ ದೇಶದ ಹಳೆಯ ಹಗೆ, ಮ್ಯಾಕ್ಸ್ ಬಿಯಾಜಿ, ಏರಿದ್ದುದು ಹೋಂಡಾ. ಕೊನೆಯ ಸುತ್ತುಗಳಲ್ಲಿ ಇಬ್ಬರೂ ಒಬ್ಬರ ನೆರಳನ್ನೊಬ್ಬರು ತುಳಿದುಕೊಂಡು ಓಡಿದರು. ಗುರಿ ಮುಟ್ಟಿದಾಗ ಅಂತರ 0.210 ಸೆಕೆಂಡು. ಒಂದು ಕಾರ್ಖಾನೆಯ ಗಾಡಿಯಲ್ಲಿ ವರ್ಷದ ಕೊನೆಯ ಪಂದ್ಯವನ್ನೂ ಇನ್ನೊಂದು ಕಾರ್ಖಾನೆಯ ಗಾಡಿಯಲ್ಲಿ ಮರುವರ್ಷದ ಮೊದಲ ಪಂದ್ಯವನ್ನೂ ಬೆನ್ನುಬೆನ್ನಿಗೆ ಗೆದ್ದವರು ಅಗ್ರಶ್ರೇಣಿಯಲ್ಲಿ ಅದಕ್ಕೆ ಮುನ್ನ ಯಾರೂ ಇರಲಿಲ್ಲ. ಆ ವರ್ಷ ಒಂಬತ್ತು ಪಂದ್ಯಗಳನ್ನು ಗೆದ್ದು ಪಟ್ಟವನ್ನು ಉಳಿಸಿಕೊಂಡ, ಮರುವರ್ಷವೂ ಉಳಿಸಿಕೊಂಡ.

ವಾದ ಇಲ್ಲಿಗೆ ಮುಗಿಯಬೇಕಿತ್ತು. ಸವಾರನೇ ದೊಡ್ಡವನು ಎಂದು ತೀರ್ಪು ಬರೆದು, ಜನ ಮನೆಗೆ ಹೋಗಬಹುದಿತ್ತು. ಆದರೆ ವಿಧಿಗೆ ತೀರ್ಪುಗಳ ಮೇಲೆ ಅಷ್ಟು ಗೌರವವಿಲ್ಲ.

2008ರಲ್ಲಿ ಯಾಮಹಾ ಅದೇ ಮನೆಗೆ ಇನ್ನೊಬ್ಬ ಮಗನನ್ನು ತಂದಿತು: ಸ್ಪೇನಿನ ಹೋರ್ಹೆ ಲೊರೆಂಜೊ. ಇಬ್ಬರೂ ಬೇರೆ ಬೇರೆ ಕಂಪನಿಗಳ ಟೈರು ಬಳಸುತ್ತಿದ್ದುದರಿಂದ ಗ್ಯಾರೇಜಿನ ನಡುವೆ ಒಂದು ಗೋಡೆ ಎದ್ದಿತು. ಮರುವರ್ಷ ಎಲ್ಲರಿಗೂ ಒಂದೇ ಟೈರು ಬಂದರೂ ಗೋಡೆ ಬೀಳಲಿಲ್ಲ. ಪಾಲಾದ ಮನೆಗಳಲ್ಲಿ ಗೋಡೆಗೆ ಕಾರಣ ಹುಡುಕುವುದು ಯಾವಾಗಲೂ ಸುಲಭ. ರೊಸ್ಸಿ 2008, 2009ರಲ್ಲಿ ಮತ್ತೆರಡು ಪಟ್ಟ ಗೆದ್ದ. 2010ರ ಜೂನಿನಲ್ಲಿ ತನ್ನ ದೇಶದ ಮುಜೆಲ್ಲೊ ಮೈದಾನದಲ್ಲಿಯೇ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ. ಆ ವರ್ಷದ ಪಟ್ಟ ಲೊರೆಂಜೊಗೆ ಹೋಯಿತು. ಆಗಸ್ಟಿನಲ್ಲಿ ಸುದ್ದಿ ಹೊರಬಿತ್ತು, ರೊಸ್ಸಿ ಡುಕಾಟಿಗೆ ಹೊರಟನೆಂದು. ಹೋಗುವ ಮುನ್ನ ಆತ ತನ್ನ ಯಾಮಹಾ ಗಾಡಿಗೆ ಒಂದು ವಿದಾಯಪತ್ರ ಬರೆದ. ಮನುಷ್ಯನೊಬ್ಬ ಯಂತ್ರಕ್ಕೆ ಕಾಗದ ಬರೆದದ್ದನ್ನು ಓದಿ ನಕ್ಕವರೂ ಇರಬಹುದು. ತಾತನ ಕಾಲದ ಸೈಕಲ್ಲನ್ನು ಮಾರಿ ಬಂದ ದಿನ ಊಟ ಸೇರದ ಮನೆಯವರು ಮಾತ್ರ ನಗಲಾರರು.

ಇಟಲಿಯ ಸವಾರ, ಇಟಲಿಯ ಗಾಡಿ. ಬೊಲೋನ್ಯ ನಗರದ ಕಾರ್ಖಾನೆ ಹಬ್ಬ ಆಚರಿಸಿತು. ಡುಕಾಟಿ ಸುಲಭದ ಗಾಡಿಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. 2007ರಲ್ಲಿ ಆಸ್ಟ್ರೇಲಿಯದ ಕೇಸಿ ಸ್ಟೋನರ್ ಅದರ ಮೇಲೆ ಹತ್ತು ಪಂದ್ಯ ಗೆದ್ದು ಪಟ್ಟ ಪಡೆದಿದ್ದ. ನಾಲ್ಕು ವರ್ಷಗಳಲ್ಲಿ ಅದರ ಮೇಲಿನ ಅವನ ಗೆಲುವುಗಳು ಇಪ್ಪತ್ತಮೂರು. ಅವನ ಜೊತೆಗಾರರಾಗಿ ಬಂದವರೋ ಒಬ್ಬರಾದ ಮೇಲೊಬ್ಬರು ಕೈಸೋತು ಹೋಗಿದ್ದರು. ಸ್ಟೋನರ್ ಹೋಂಡಾಕ್ಕೆ ಹೋದ ಜಾಗಕ್ಕೇ ರೊಸ್ಸಿ ಬಂದದ್ದು. ಸ್ಟೋನರನ ಡುಕಾಟಿಯ ತೊಂದರೆಯನ್ನು ಎಂಬತ್ತು ಸೆಕೆಂಡುಗಳಲ್ಲಿ ಸರಿಪಡಿಸಬಹುದೆಂದು ಬರ್ಗೆಸ್ ಲಘುವಾಗಿ ಆಡಿದ ಮಾತನ್ನು ಪತ್ರಿಕೆಗಳು ಮುಂದೆ ಎರಡು ವರ್ಷ ಅವನಿಗೆ ಮರೆಯಗೊಡಲಿಲ್ಲ.

ಎಂಬತ್ತು ಸೆಕೆಂಡು ಹೋಗಿ ಎರಡು ವರ್ಷವಾದರೂ ಗಾಡಿ ಸರಿಯಾಗಲಿಲ್ಲ. ರೊಸ್ಸಿಗೆ ತಿರುವಿನಲ್ಲಿ ಮುಂದಿನ ಚಕ್ರ ಏನು ಮಾಡುತ್ತಿದೆಯೆಂಬ ಅರಿವು ಕೈಗೆ ಬರಬೇಕು; ಅವನ ವಿದ್ಯೆಯೆಲ್ಲ ಆ ಅರಿವಿನ ಮೇಲೆ ನಿಂತದ್ದು. ಈ ಗಾಡಿ ಆ ಸುದ್ದಿಯನ್ನು ಹೇಳುತ್ತಲೇ ಇರಲಿಲ್ಲ. ಕಾರ್ಬನ್ ನಾರಿನ ಚೌಕಟ್ಟನ್ನು ಬಿಟ್ಟು ಅಲ್ಯುಮಿನಿಯಮ್ ಚೌಕಟ್ಟು ಮಾಡಿದರು. ಭಾರವನ್ನು ಹಿಂದಕ್ಕೆ ಮುಂದಕ್ಕೆ ಸರಿಸಿದರು. ಅದೇನು ಮಾಡಿದರೂ ಗಾಡಿ ಅವನ ಕೈಗೆ ಮೂಕವಾಗಿಯೇ ಉಳಿಯಿತು. 2011ರ ಏಪ್ರಿಲಿನಲ್ಲಿ ಹೆರೆಜ್‌ನಲ್ಲಿ ಮಳೆ ಹನಿಯುತ್ತಿದ್ದಾಗ ಅವನು ಜಾರಿ ಬೀಳುತ್ತ ಸ್ಟೋನರನನ್ನೂ ಎಳೆದುಕೊಂಡು ಹೋದ. ಬಳಿಕ ಕ್ಷಮೆ ಕೇಳಲು ಹೋಂಡಾ ಗ್ಯಾರೇಜಿಗೆ ಹೋದಾಗ, ಕ್ಯಾಮರಾಗಳ ಮುಂದೆಯೇ ಸ್ಟೋನರ್ ಮೊದಲು ಅವನ ಭುಜ ಹೇಗಿದೆಯೆಂದು ವಿಚಾರಿಸಿ, ಆ ಮೇಲೆ ನಿಮ್ಮ ಆಕಾಂಕ್ಷೆ ನಿಮ್ಮ ಪ್ರತಿಭೆಯನ್ನು ಮೀರಿತು ಎಂಬರ್ಥದ ಒಂದು ಮಾತು ಹೇಳಿದ. ಒಂಬತ್ತು ಪಟ್ಟಗಳ ಒಡೆಯನಿಗೆ ಈ ಮಾತು! ಆ ವರ್ಷ ಸ್ಟೋನರ್ ಹೋಂಡಾದ ಮೇಲೆ ಹತ್ತು ಪಂದ್ಯ ಗೆದ್ದು ಪಟ್ಟ ಪಡೆದ. ರೊಸ್ಸಿಗೆ ಸಿಕ್ಕಿದ್ದು ಏಳನೆಯ ಸ್ಥಾನ, ಮರುವರ್ಷ ಆರನೆಯದು. ಎರಡು ವರ್ಷಗಳಲ್ಲಿ ಮೂರು ಬಾರಿ ವೇದಿಕೆ ಹತ್ತಿದ. ಗೆಲುವು ಒಂದೂ ಇಲ್ಲ.

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಇಲ್ಲಿ ಬಳಸಲು ಯಾರಿಗಾದರೂ ಮನಸ್ಸಾದೀತು. ಆದರೆ ಇಲ್ಲಿ ಕುಣಿಯಬಲ್ಲವನೇ ಕುಣಿದು ತೋರಿಸಿದ್ದಾನೆ, ನೆಲವೂ ಡೊಂಕಾಗಿದೆ. ಅಷ್ಟೇ ಅಲ್ಲ, ಅದೇ ಡೊಂಕು ನೆಲದ ಮೇಲೆ ಇನ್ನೊಬ್ಬ ಚೆನ್ನಾಗಿಯೇ ಕುಣಿದು ಹೋಗಿದ್ದಾನೆ. ಸ್ಟೋನರನಿಗೆ ಒಲಿದದ್ದು ರೊಸ್ಸಿಗೆ ಒಲಿಯಲಿಲ್ಲ ಎಂದ ಮಾತ್ರಕ್ಕೆ ಇವನು ಕಡಿಮೆ, ಅವನು ಹೆಚ್ಚು ಎಂದು ಹೇಳುವುದು ಆತುರದ ಮಾತು. ಸ್ಟೋನರ್ ಗಾಡಿ ಕೊಟ್ಟದ್ದನ್ನು ಇಟ್ಟುಕೊಂಡು ತನ್ನನ್ನು ತಿದ್ದಿಕೊಳ್ಳುತ್ತಿದ್ದ. ರೊಸ್ಸಿ ತನಗೆ ಬೇಕಾದಂತೆ ಗಾಡಿಯನ್ನು ತಿದ್ದಿಸಿಕೊಳ್ಳುತ್ತಿದ್ದ. ಯಾಮಹಾದಲ್ಲಿ ತಿದ್ದುವವರು ಕಿವಿಗೊಟ್ಟರು, ತಿದ್ದಲು ಬೇಕಾದ ಸಾಧನವೂ ಅವರ ಬಳಿ ಸಿದ್ಧವಾಗಿತ್ತು. ಡುಕಾಟಿಯಲ್ಲಿ ಅಂದು ಅದಿರಲಿಲ್ಲ.

2013ರಲ್ಲಿ ರೊಸ್ಸಿ ಯಾಮಹಾಕ್ಕೆ ಮರಳಿದ. ಜೂನಿನಲ್ಲಿ ಅಸೆನ್‌ನ ಪಂದ್ಯ ಗೆದ್ದ. ಆದರೂ ವರ್ಷದ ಕೊನೆಗೆ ವಲೆನ್ಸಿಯದಲ್ಲಿ ಅವನು ಸಾರಿದ ಸುದ್ದಿ ಬೇರೆಯೇ ಆಗಿತ್ತು. ಹದಿನಾಲ್ಕು ವರ್ಷ ಜೊತೆಗಿದ್ದ, ಏಳು ಪಟ್ಟಗಳಿಗೆ ಗಾಡಿ ಹದಗೊಳಿಸಿ ಕೊಟ್ಟ, ಹೋಂಡಾದಿಂದ ಯಾಮಹಾಕ್ಕೆ, ಯಾಮಹಾದಿಂದ ಡುಕಾಟಿಗೆ, ಮತ್ತೆ ಯಾಮಹಾಕ್ಕೆ ನೆರಳಿನಂತೆ ಹಿಂಬಾಲಿಸಿದ ಬರ್ಗೆಸ್‌ನನ್ನು ಬಿಟ್ಟು ಬೇರೊಬ್ಬನನ್ನು ತೆಗೆದುಕೊಳ್ಳುವುದಾಗಿ ಹೇಳಿದ. ಬರ್ಗೆಸ್‌ಗೆ ಅದು ಅನಿರೀಕ್ಷಿತವಾದ ಪೆಟ್ಟು. ಪತ್ರಕರ್ತರ ಮುಂದೆ ಇಬ್ಬರೂ ಘನತೆಯಿಂದಲೇ ನಡೆದುಕೊಂಡರು. ತಂದೆಯಂತಿದ್ದವನೆಂದು ರೊಸ್ಸಿ ಅವನ ಬಗ್ಗೆ ಹೇಳುತ್ತಿದ್ದ ಮಾತುಗಳನ್ನು ಬಲ್ಲವರಿಗೆ ಅದನ್ನು ನೋಡುವುದು ಕಷ್ಟವಾಯಿತು. ಹೊಸ ತಂತ್ರಜ್ಞನೊಡನೆ ರೊಸ್ಸಿ 2015ರಲ್ಲಿ ಪಟ್ಟದ ಹೊಸ್ತಿಲವರೆಗೆ ಬಂದು ಐದು ಅಂಕಗಳಿಂದ ಸೋತ. 2021ರ ನವೆಂಬರಿನಲ್ಲಿ ನಿವೃತ್ತನಾಗುವವರೆಗೆ ಹತ್ತನೆಯ ಪಟ್ಟ ದೊರೆಯಲೇ ಇಲ್ಲ. ಬರ್ಗೆಸ್ ಇದ್ದಿದ್ದರೆ? ‘ಇದ್ದಿದ್ದರೆ’ ಎಂಬ ಪದದ ಮೇಲೆ ಎಂಥ ಉತ್ತರವನ್ನಾದರೂ ಕಟ್ಟಬಹುದು.

ಲೊರೆಂಜೊನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅದು ದುಃಖದ ಕಥೆ. ಅವನೂ 2017ರಲ್ಲಿ ಡುಕಾಟಿಗೆ ಹೋದ, ಒಂದು ವರ್ಷಕ್ಕೂ ಮಿಕ್ಕಿ ಒದ್ದಾಡಿದ. ಬ್ರೇಕು ಹಾಕುವಾಗ ತೋಳಿನ ಮೇಲೆ ಬೀಳುವ ಭಾರವನ್ನು ತಡೆಯಲು ಪೆಟ್ರೋಲ್ ಟ್ಯಾಂಕಿನ ಆಕಾರ ಬದಲಿಸಿ ಆಸರೆ ಕೊಡಿ ಎಂದು ಬೇಡುತ್ತಿದ್ದ. ಆ ಆಸರೆ ಬಂದದ್ದು 2018ರ ಜೂನಿನ ಮುಜೆಲ್ಲೊ ಪಂದ್ಯಕ್ಕೆ. ಬಂದ ದಿನವೇ ಗೆದ್ದ, ಮರುಪಂದ್ಯವನ್ನೂ ಗೆದ್ದ. ಆದರೆ ಆ ಹೊತ್ತಿಗೆ ಮನಸ್ಸು ಮುರಿದಿತ್ತು. ಮುಜೆಲ್ಲೊ ಗೆಲುವಾದ ಮೂರನೆಯ ದಿನ, ಅವನು ಹೋಂಡಾ ಸೇರುವನೆಂಬ ಪ್ರಕಟಣೆ ಹೊರಟಿತು. ಹೋಂಡಾದಲ್ಲಿ ಒಂದೇ ವರ್ಷ, ಬೆನ್ನುಮೂಳೆಯ ಗಾಯ, ಒಮ್ಮೆಯೂ ಮೊದಲ ಹತ್ತರೊಳಗೆ ಬಾರದ ಅವಮಾನ. 2019ರ ಕೊನೆಗೆ ನಿವೃತ್ತಿ. ಒಂದು ಟ್ಯಾಂಕಿನ ಉಬ್ಬು ಆರು ತಿಂಗಳು ಮೊದಲು ಬಂದಿದ್ದರೆ ಮೂರು ಪಟ್ಟಗಳ ಒಡೆಯನೊಬ್ಬನ ಜೀವನದ ದಾರಿಯೇ ಬೇರೆಯಾಗುತ್ತಿತ್ತೋ ಏನೋ.

ಅದೇ 2019ರಲ್ಲಿ ಅದೇ ಹೋಂಡಾದ ಮೇಲೆ, ಗ್ಯಾರೇಜಿನ ಇನ್ನೊಂದು ಬದಿಯಲ್ಲಿ, ಮಾರ್ಕ್ ಮಾರ್ಕೆಸ್ ತನ್ನ ಆರನೆಯ ಅಗ್ರಪಟ್ಟ ಗೆಲ್ಲುತ್ತಿದ್ದ. ಸ್ಪೇನಿನ ಸೆರ್ವೇರ ಊರಿನವನು, ಇಪ್ಪತ್ತಾರರ ಪ್ರಾಯ. ಹೋಂಡಾ 2020ರ ಆರಂಭದಲ್ಲಿ ಅವನಿಗೆ ನಾಲ್ಕು ವರ್ಷಗಳ ಕರಾರು ಬರೆದುಕೊಟ್ಟಿತು. ಆ ವರ್ಷ ಜುಲೈ 19ರಂದು ಹೆರೆಜ್‌ನಲ್ಲಿ ಅವನು ಬಿದ್ದು ಬಲಗೈಯ ಮೇಲ್ದೋಳಿನ ಮೂಳೆ ಮುರಿಯಿತು. ಎರಡೇ ದಿನಗಳಲ್ಲಿ ಶಸ್ತ್ರಚಿಕಿತ್ಸೆ. ಅದೇ ವಾರದ ಕೊನೆಗೆ ಮತ್ತೆ ಗಾಡಿಯ ಮೇಲೆ! ವೀರತನಕ್ಕೂ ಅವಿವೇಕಕ್ಕೂ ನಡುವಿನ ಗೆರೆ ಇಷ್ಟು ತೆಳ್ಳಗೆ ಇನ್ನೆಲ್ಲಿಯೂ ಕಾಣದು. ಒಳಗಿಟ್ಟ ಲೋಹದ ಪಟ್ಟಿ ಮುರಿದು ಆಗಸ್ಟಿನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ, ನಂಜು ಹತ್ತಿ ಡಿಸೆಂಬರಿನಲ್ಲಿ ಮೂರನೆಯದು. 2021ರ ಜೂನಿನಲ್ಲಿ ಜರ್ಮನಿಯ ಜಾಕ್ಸೆನ್‌ರಿಂಗ್‌ನಲ್ಲಿ 581 ದಿನಗಳ ಬಳಿಕ ಒಂದು ಗೆಲುವೇನೋ ಬಂತು. ಆದರೆ ಕೂಡಿಕೊಂಡ ಮೂಳೆ ತನ್ನ ಸ್ಥಾನದಿಂದ ಮೂವತ್ತು ಡಿಗ್ರಿಗೂ ಮಿಕ್ಕಿ ತಿರುಚಿಕೊಂಡಿದೆಯೆಂದು ಕಂಡುಬಂತು. 2022ರ ಜೂನಿನಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಅದನ್ನು ಮತ್ತೆ ಕತ್ತರಿಸಿ ತಿರುಗಿಸಿ ಜೋಡಿಸಿದರು. ನಾಲ್ಕನೆಯ ಬಾರಿ.

ಕೈ ನೆಟ್ಟಗಾಗುವಷ್ಟರಲ್ಲಿ ಗಾಡಿ ಕೆಟ್ಟಿತ್ತು. ಹೋಂಡಾ ಹಿಂದೆ ಬಿದ್ದಿತ್ತು. 2023ರಲ್ಲಿ, ಹಿಂದೆ ತನಗೆ ಸೋಲೇ ಇಲ್ಲದಿದ್ದ ಅದೇ ಜಾಕ್ಸೆನ್‌ರಿಂಗ್‌ನಲ್ಲಿ ಮಾರ್ಕೆಸ್ ಒಂದೇ ವಾರಾಂತ್ಯದಲ್ಲಿ ಐದು ಬಾರಿ ಬಿದ್ದ. ಭಾನುವಾರದ ಪಂದ್ಯಕ್ಕೆ ಇಳಿಯಲೇ ಇಲ್ಲ. ಗಾಡಿಯೇ ಕೆಟ್ಟದ್ದೋ, ತನ್ನ ಕೈಯಲ್ಲಿದ್ದುದೇ ಆರಿಹೋಯಿತೋ? ಈ ಸಂಶಯ ಒಳಗಿಂದ ಕೊರೆಯತೊಡಗಿದಾಗ ಮನುಷ್ಯನಿಗೆ ನಿದ್ದೆ ಹತ್ತುವುದಿಲ್ಲ. ಉತ್ತರ ತಿಳಿಯಲು ಒಂದೇ ದಾರಿ: ಎಲ್ಲರಿಗೂ ಗೆಲುವು ಕೊಡುತ್ತಿರುವ ಗಾಡಿಯನ್ನು ತಾನೂ ಏರಿ ನೋಡುವುದು. ಆ ಗಾಡಿ ಡುಕಾಟಿ. ರೊಸ್ಸಿಯನ್ನು ಸೋಲಿಸಿದ ಆ ಮೂಕ ಗಾಡಿಯನ್ನು, 2013ರ ಕೊನೆಗೆ ಎಪ್ರಿಲಿಯಾದಿಂದ ಬಂದ ಜೀಜಿ ಡಾಲಿನ್ಯ ಎಂಬ ಎಂಜಿನಿಯರ್ ವರ್ಷ ವರ್ಷ ತಿದ್ದಿ ಮಾತನಾಡುವಂತೆ ಮಾಡಿದ್ದ. 2022, 2023ರಲ್ಲಿ ಅದರ ಮೇಲೆ ಪಟ್ಟ ಗೆದ್ದ ಫ್ರಾನ್ಸೆಸ್ಕೊ ಬನ್ಯಾಯ ರೊಸ್ಸಿಯ ಗರಡಿಯಲ್ಲೇ ಬೆಳೆದ ಶಿಷ್ಯನೆಂಬುದು ವಿನೋದವೂ ಹೌದು, ನ್ಯಾಯವೂ ಹೌದು.

2023ರ ಅಕ್ಟೋಬರ್ 1ರಂದು ಜಪಾನಿನ ಮೊಟೆಗಿಯಲ್ಲಿ, ಹೋಂಡಾದ ಸ್ವಂತ ಮೈದಾನದಲ್ಲಿ, ಸುರಿವ ಮಳೆಯಲ್ಲಿ ಮಾರ್ಕೆಸ್ ಮೂರನೆಯವನಾಗಿ ಬಂದ. ಮೂರು ದಿನ ಕಳೆದು, ಇನ್ನೊಂದು ವರ್ಷ ಉಳಿದಿದ್ದ ಕರಾರನ್ನು ಪರಸ್ಪರ ಒಪ್ಪಿಗೆಯಿಂದ ಮುಗಿಸಿರುವುದಾಗಿ ಪ್ರಕಟಣೆ ಹೊರಟಿತು. ಹನ್ನೊಂದು ವರ್ಷಗಳ ಸಂಬಂಧ. ಹೋದದ್ದು ಡುಕಾಟಿಯ ದೊಡ್ಡ ಮನೆಗೂ ಅಲ್ಲ, ಅಲ್ಲಿ ಜಾಗವಿರಲಿಲ್ಲ. ಕಾರ್ಖಾನೆಯಿಂದ ಹಿಂದಿನ ವರ್ಷದ ಗಾಡಿ ಪಡೆದು ಓಡಿಸುವ ಗ್ರೆಸಿನಿ ಎಂಬ ಸಣ್ಣ ತಂಡಕ್ಕೆ. ಅದನ್ನು ಕಟ್ಟಿದ ಫೌಸ್ಟೊ ಗ್ರೆಸಿನಿ 2021ರ ಫೆಬ್ರವರಿಯಲ್ಲಿ ಕೋವಿಡ್ ಬೇನೆಯಿಂದ ತೀರಿಹೋದಾಗ, ತಂಡ ಮುಚ್ಚಿತೆಂದೇ ಜನ ಭಾವಿಸಿದ್ದರು. ಆತನ ಪತ್ನಿ ನಾದಿಯ ಪದೊವಾನಿ ತಾನೇ ಮುಂದೆ ನಿಂತು ನಡೆಸಿದಳು; 2022ರಲ್ಲಿ ಆಕೆಯ ಹೊಣೆಯಲ್ಲಿ ತಂಡ ಇಳಿದ ಮೊದಲ ಪಂದ್ಯವನ್ನೇ ಗೆದ್ದಿತು. ಆ ಮನೆಯಲ್ಲಿ ಮಾರ್ಕೆಸ್‌ನ ತಮ್ಮ ಅಲೆಕ್ಸ್ ಮೊದಲೇ ಇದ್ದ. ಅಣ್ಣ ತನ್ನ ಹೋಂಡಾ ಬಳಗದಿಂದ ಕರೆತಂದದ್ದು ಒಬ್ಬ ಮೆಕ್ಯಾನಿಕ್ಕನನ್ನು ಮಾತ್ರ. ಎಲ್ಲ ಅಗ್ರಪಟ್ಟಗಳಿಗೂ ಜೊತೆಯಾಗಿದ್ದ ಮುಖ್ಯ ತಂತ್ರಜ್ಞ ಸಾಂತಿ ಹೆರ್ನಾಂಡೆಸ್ ಹೋಂಡಾದಲ್ಲೇ ಉಳಿದ. ರೊಸ್ಸಿ ಬಳಗವನ್ನು ಹೊತ್ತುಕೊಂಡು ಹೋದ, ಇವನು ಒಬ್ಬಂಟಿಯಾಗಿ ಹೋದ.

ನವೆಂಬರ್ 28ರಂದು ವಲೆನ್ಸಿಯದಲ್ಲಿ ಮೊದಲ ಪರೀಕ್ಷೆ. ಹೋಂಡಾ ಕರಾರು ವರ್ಷಾಂತ್ಯದವರೆಗೆ ಇದ್ದುದರಿಂದ ಪತ್ರಿಕೆಗಳೊಡನೆ ಒಂದು ಮಾತನ್ನೂ ಆಡುವಂತಿರಲಿಲ್ಲ. ಕೆಲವು ಸುತ್ತು ಓಡಿಸಿ ಬಂದು ಕುಳಿತು, ಶಿರಸ್ತ್ರಾಣ ತೆಗೆದ. ಮುಖದ ತುಂಬ ನಗು. ತಡೆಯಲೆತ್ನಿಸಿದರೂ ತಡೆಯಲಾಗದ ನಗು. ಕ್ಯಾಮರಾಗಳಿಗೆ ಅಷ್ಟೇ ಸಾಕಾಯಿತು. ಸಂಶಯ ತೀರಿತೆಂದು ಜಗತ್ತಿಗೆ ತಿಳಿಯಿತು.

2024ರ ಸೆಪ್ಟೆಂಬರ್ 1ರಂದು ಅರಗಾನ್‌ನಲ್ಲಿ, 1043 ದಿನಗಳ ಬಳಿಕ, ಅವನು ಮತ್ತೆ ಗೆದ್ದ. ಆ ವರ್ಷ ಒಟ್ಟು ಮೂರು ಗೆಲುವು. ಹಿಂದಿನ ವರ್ಷದ ಆ ಗಾಡಿಯ ಮೇಲೆ ಬೇರೆ ಯಾರೂ ಒಂದನ್ನೂ ಗೆಲ್ಲಲಿಲ್ಲ. ಅದಕ್ಕೆ ಮೊದಲೇ, ಜೂನ್ ತಿಂಗಳಲ್ಲಿ, ಡುಕಾಟಿ ಕಾರ್ಖಾನೆ ತನ್ನ ಸ್ವಂತ ತಂಡಕ್ಕೆ ಅವನನ್ನು ಆರಿಸಿತ್ತು. ಆ ಆಯ್ಕೆಯಿಂದ ಜಾಗ ಕಳೆದುಕೊಂಡ ಹೋರ್ಹೆ ಮಾರ್ಟಿನ್ ಕೂಡಲೇ ಎಪ್ರಿಲಿಯಾಕ್ಕೆ ಸಹಿ ಹಾಕಿದ. ಹಾಕಿ, ಆ ವರ್ಷದ ಪಟ್ಟವನ್ನು ಡುಕಾಟಿಯ ಮೇಲೆಯೇ ಗೆದ್ದು, ಚಾಂಪಿಯನ್ನನ ಒಂದನೆಯ ನಂಬರನ್ನು ಹೊತ್ತುಕೊಂಡು ಹೊರಟುಹೋದ. ತನ್ನನ್ನು ಬೇಡವೆಂದ ಮನೆಗೆ ಇದಕ್ಕಿಂತ ಸಭ್ಯವಾದ ಉತ್ತರ ಕೊಡುವುದು ಕಷ್ಟ. ಪಾಪ, ಎಪ್ರಿಲಿಯಾದಲ್ಲಿ ಅವನ 2025ರ ವರ್ಷ ಗಾಯಗಳಲ್ಲಿಯೇ ಕಳೆಯಿತು.

2025ರಲ್ಲಿ ಮಾರ್ಕೆಸ್ ಹನ್ನೊಂದು ಪಂದ್ಯಗಳನ್ನು ಗೆದ್ದ. ಗ್ರೆಸಿನಿಯಲ್ಲೇ ಉಳಿದ ತಮ್ಮ ಅಲೆಕ್ಸ್ ಎರಡನೆಯವನಾದ. ಅದೇ ಗ್ಯಾರೇಜಿನಲ್ಲಿ, ಅದೇ ಕೆಂಪು ಗಾಡಿಯ ಮೇಲೆ, ಹಿಂದಿನ ವರ್ಷ ಹನ್ನೊಂದು ಪಂದ್ಯ ಗೆದ್ದಿದ್ದ ಬನ್ಯಾಯ ಈಗ ಎರಡನ್ನು ಮಾತ್ರ ಗೆದ್ದು, ಮುಂದಿನ ಚಕ್ರ ತನಗೆ ಏನನ್ನೂ ಹೇಳುತ್ತಿಲ್ಲವೆಂದು ಗುರು ರೊಸ್ಸಿಯ ಹಳೆಯ ದೂರನ್ನೇ ಬೇರೆ ಮಾತಿನಲ್ಲಿ ಹೇಳತೊಡಗಿದ್ದ.

ಪಟ್ಟ ನಿಶ್ಚಯವಾದದ್ದು ಸೆಪ್ಟೆಂಬರ್ 28ರಂದು, ಮೊಟೆಗಿಯಲ್ಲಿ. ಎರಡು ವರ್ಷಗಳ ಹಿಂದೆ ಹೋಂಡಾ ಅಂಗಿ ತೊಟ್ಟು ಕೊನೆಯ ಬಾರಿ ವೇದಿಕೆ ಹತ್ತಿದ್ದ ಅದೇ ಜಾಗದಲ್ಲಿ. ಹಿಂದಿನ ಪಟ್ಟ ಗೆದ್ದು 2184 ದಿನಗಳಾಗಿದ್ದವು. ರೊಸ್ಸಿಯ ಒಂಬತ್ತಕ್ಕೆ ಇವನ ಒಂಬತ್ತೂ ಸರಿಸಾಟಿಯಾಯಿತು. ಅಂದಿನ ಪಂದ್ಯ ಬನ್ಯಾಯನದು, ಮಾರ್ಕೆಸ್ ಎರಡನೆಯವನು. ದೊಡ್ಡ ಪರದೆಯ ಮೇಲೆ ಅವನ ಹಿಂದಿನ ವರ್ಷಗಳ ಚಿತ್ರಗಳು ಹಾದು ಹೋಗುತ್ತಿದ್ದಾಗ, ಆತ ಅವನ್ನು ನೋಡುತ್ತ ನಿಂತು ಮುಖ ಮುಚ್ಚಿಕೊಂಡು ಅತ್ತ. ವೇದಿಕೆಯ ಮೂರನೆಯ ಮೆಟ್ಟಿಲಿನ ಮೇಲೆ ಹೋಂಡಾದ ಹೋವಾನ್ ಮಿರ್ ನಿಂತಿದ್ದ.